ಐಸ್‌ಲ್ಯಾಂಡ್‌ನಲ್ಲಿ 'ಈ ಕಾನೂನು ಬೇಡ' ಅನ್ನುವ ಹಕ್ಕು ಯಾರ ಕೈಯಲ್ಲಿದೆ? ಒಂದು ರಿವ್ಯೂ

ಐದಕ್ಕೆ ಮೂರು ಸ್ಟಾರ್. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ. ಐಸ್‌ಲ್ಯಾಂಡ್‌ಗೆ ಬಂದು ನೆಲೆಸುವ ಯೋಚನೆ ಇರುವವರು, ಈಗಾಗಲೇ ಇಲ್ಲಿರುವವರು, ಅಥವಾ ಜನರೇ ನೇರವಾಗಿ ಕಾನೂನು ತೀರ್ಮಾನ ಮಾಡುವುದು ಅಂದರೆ ಹೇಗಿರುತ್ತದೆ ಅಂತ ಸುಮ್ನೆ ಕುತೂಹಲ ಇರುವವರು, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ರಾಜಧಾನಿ ರೇಕ್ಯಾವಿಕ್‌ನಲ್ಲಿ. ಇಡೀ ದೇಶದ ಜನಸಂಖ್ಯೆ 4 ಲಕ್ಷವೂ ಇಲ್ಲ. ಬೆಂಗಳೂರಿನ ಕೆಲವು ವಿಧಾನಸಭಾ ಕ್ಷೇತ್ರಗಳಲ್ಲೇ ಇದಕ್ಕಿಂತ ಜಾಸ್ತಿ ಮತದಾರರಿದ್ದಾರೆ. ಇಷ್ಟು ಚಿಕ್ಕ ದ್ವೀಪದಲ್ಲಿ ಎಲ್ಲರನ್ನೂ ಕೇಳಿ ತೀರ್ಮಾನ ಮಾಡುವುದು ಎಷ್ಟು ಸುಲಭ ಅಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. ಹಾಗಾಗಿ ಇಲ್ಲಿನ ಜನಮತಗಣನೆ ಕಾನೂನನ್ನು ಸರ್ಕಾರ ಜನರಿಗೆ ಕೊಡುವ ಒಂದು ಸೇವೆ ಅಂತಲೇ ನೋಡಿದ್ದೇನೆ. ನಾವು ಕೇಳಿದಾಗ ಸಿಗುತ್ತದಾ? ಎಷ್ಟು ಬೇಗ ಸಿಗುತ್ತದೆ? ಸಿಕ್ಕ ಮೇಲೆ ಅದಕ್ಕೆ ಬೆಲೆ ಇದೆಯಾ? ಬೇರೆ ಯಾವ ಸೇವೆಗೂ ಇದನ್ನೇ ತಾನೇ ಕೇಳುವುದು.

ಸೇವೆ ಮೂರು ಹಂತದಲ್ಲಿದೆ: ದೇಶ, ಊರು, ಬಡಾವಣೆ. ನಾನಿನ್ನೂ ಇಲ್ಲಿನ ಪೌರತ್ವ ತೆಗೆದುಕೊಂಡಿಲ್ಲ. ಹಾಗಾಗಿ ದೇಶದ ಮಟ್ಟದ್ದನ್ನು ಓದಿ, ಕೇಳಿ, ನೋಡಿ ಮಾತ್ರ ಗೊತ್ತು. ಉಳಿದೆರಡರಲ್ಲಿ ನನಗೂ ಪಾಲಿದೆ.

ಮೊದಲು ದೊಡ್ಡದು. 1944ರ ಸಂವಿಧಾನದ 26ನೇ ವಿಧಿ. ಆ ಸಂವಿಧಾನವೂ ಜನಮತಗಣನೆಯಿಂದಲೇ ಬಂದದ್ದು. 1944ರ ಮೇ ತಿಂಗಳಲ್ಲಿ ಡೆನ್ಮಾರ್ಕ್ ಜೊತೆಗಿನ ಸಂಬಂಧ ಕಡಿದುಕೊಂಡು ಗಣರಾಜ್ಯ ಆಗೋಣವೇ ಅಂತ ಕೇಳಿದಾಗ ನೂರಕ್ಕೆ 98ಕ್ಕೂ ಜಾಸ್ತಿ ಮತದಾರರು ಬಂದು ಮತ ಹಾಕಿದ್ದರು, ಬಹುತೇಕ ಎಲ್ಲರೂ ಹೌದು ಅಂದಿದ್ದರು. ಆ ವರ್ಷದ ಜೂನ್ 17ಕ್ಕೆ ಗಣರಾಜ್ಯ ಹುಟ್ಟಿತು.

26ನೇ ವಿಧಿ ಹೇಳುವುದು ಇಷ್ಟು. ಇಲ್ಲಿನ ಸಂಸತ್ತು ಆಲ್ಥಿಂಗ್. ಅದು ಮಸೂದೆ ಪಾಸು ಮಾಡಿದ ಎರಡು ವಾರದೊಳಗೆ ಅಧ್ಯಕ್ಷರ ಮುಂದೆ ಇಡಬೇಕು. ಅಧ್ಯಕ್ಷರು ಅಂಕಿತ ಹಾಕಿದರೆ ಮುಗಿಯಿತು. ಹಾಕದಿದ್ದರೂ ಅದು ಕಾನೂನೇ ಆಗುತ್ತದೆ, ಆದರೆ ಆದಷ್ಟು ಬೇಗ ದೇಶದ ಎಲ್ಲಾ ಮತದಾರರ ಮುಂದೆ ಗುಪ್ತ ಮತದಾನಕ್ಕೆ ಹೋಗಬೇಕು. ಜನ ಬೇಡ ಅಂದರೆ ಕಾನೂನು ಬಿತ್ತು, ಬೇಕು ಅಂದರೆ ಉಳಿಯಿತು. ಇಷ್ಟು ಮಂದಿ ಬಂದರೆ ಮಾತ್ರ ಲೆಕ್ಕ ಅನ್ನುವ ಷರತ್ತಿಲ್ಲ. ಸಲಹೆ ಮಾತ್ರ ಅನ್ನುವ ನೆಪವೂ ಇಲ್ಲ. ನಮ್ಮಲ್ಲಿ ರಾಷ್ಟ್ರಪತಿಗಳು ಮಸೂದೆಯನ್ನು ಒಮ್ಮೆ ಸಂಸತ್ತಿಗೆ ವಾಪಸ್ ಕಳಿಸಬಹುದು, ಸಂಸತ್ತು ಮತ್ತೆ ಪಾಸು ಮಾಡಿದರೆ ಅಂಕಿತ ಹಾಕಲೇಬೇಕು. ಇಲ್ಲಿ ಸಂಸತ್ತಿಗೆ ವಾಪಸ್ ಹೋಗುವುದಿಲ್ಲ, ಸೀದಾ ಜನರ ಹತ್ತಿರ ಬರುತ್ತದೆ. ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಅಧಿಕಾರವನ್ನು ಜನರಿಗೆ ಬಿಟ್ಟುಕೊಡುವ ವಿಧಿಗಳು ಜಾಸ್ತಿ ಇಲ್ಲ.

ಇನ್ನೂ ಒಂದೆರಡು ವಿಧಿಗಳಿವೆ. ಆಲ್ಥಿಂಗ್‌ನ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಒಪ್ಪಿದರೆ ಅಧ್ಯಕ್ಷರನ್ನೇ ಇಳಿಸಬೇಕೆ ಅಂತ ಜನರನ್ನು ಕೇಳಬಹುದು. ಆದರೆ ಜನ 'ಇರಲಿ ಬಿಡಿ' ಅಂದರೆ ಆಲ್ಥಿಂಗ್ ತಕ್ಷಣ ವಿಸರ್ಜನೆಯಾಗಿ ಹೊಸ ಚುನಾವಣೆ. ಚೆನ್ನಾಗಿದೆ ಈ ನಿಯಮ, ಯಾರೂ ಹಗುರವಾಗಿ ಕೈ ಹಾಕುವುದಿಲ್ಲ. ರಾಷ್ಟ್ರೀಯ ಚರ್ಚಿನ ಸ್ಥಾನಮಾನ ಬದಲಿಸಬೇಕಾದರೂ ಜನರನ್ನು ಕೇಳಬೇಕು. ಇವೆರಡೂ ಅಪರೂಪಕ್ಕೆ ಇಟ್ಟಿರುವಂಥವು, ಇಲ್ಲಿಗೆ ಬಿಡೋಣ.

26ನೇ ವಿಧಿಗೆ ಬರುತ್ತೇನೆ. 60 ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ನಾಲ್ವರು ಅಧ್ಯಕ್ಷರು ಬಂದು ಹೋದರು, ಎಲ್ಲಾ ಮಸೂದೆಗಳಿಗೂ ಅಂಕಿತ ಬಿತ್ತು. ಅಧ್ಯಕ್ಷರು ತಮ್ಮ ಅಧಿಕಾರವನ್ನು ಮಂತ್ರಿಗಳ ಮೂಲಕವೇ ಚಲಾಯಿಸಬೇಕು ಅಂತ 13ನೇ ವಿಧಿ ಹೇಳುತ್ತದೆ. ಹಾಗಾಗಿ 26ನೇ ವಿಧಿ ಹೆಸರಿಗೆ ಮಾತ್ರ ಅಂತ ವಾದಿಸುವ ಕಾನೂನು ಪಂಡಿತರೂ ಇದ್ದರು. 2004ರ ಜೂನ್ 2ರಂದು ಐದನೇ ಅಧ್ಯಕ್ಷ ಓಲಾಫುರ್ ರಾಗ್ನರ್ ಗ್ರಿಮ್ಸನ್ ಮಾಧ್ಯಮ ಸಂಸ್ಥೆಗಳ ಒಡೆತನಕ್ಕೆ ಮಿತಿ ಹಾಕುವ ಮಸೂದೆಗೆ ಅಂಕಿತ ಹಾಕುವುದಿಲ್ಲ ಅಂದರು. ದೇಶದಲ್ಲಿ ದೊಡ್ಡ ಗದ್ದಲ. ಕೊನೆಗೆ ಸರ್ಕಾರ ಆ ಕಾನೂನನ್ನೇ ವಾಪಸ್ ತೆಗೆದುಕೊಂಡಿತು, ಮತದಾನ ನಡೆಯಲೇ ಇಲ್ಲ. ಒಂದು ರೀತಿ ನೋಡಿದರೆ ಜನರೇ ಗೆದ್ದಂತೆ. ಆದರೆ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಬೇಡ ಅಂತ ತೀರ್ಮಾನಿಸಿದ್ದೂ ಮೇಲಿನವರೇ.

ನಿಜವಾದ ಪರೀಕ್ಷೆ ಬಂದಿದ್ದು ಐಸ್‌ಸೇವ್ ವಿಷಯದಲ್ಲಿ. ಲ್ಯಾಂಡ್ಸ್‌ಬ್ಯಾಂಕಿ ಅನ್ನುವ ಇಲ್ಲಿನ ಬ್ಯಾಂಕು ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಐಸ್‌ಸೇವ್ ಹೆಸರಿನಲ್ಲಿ ಆನ್‌ಲೈನ್ ಉಳಿತಾಯ ಖಾತೆ ತೆರೆದು, ಒಳ್ಳೆ ಬಡ್ಡಿ ಕೊಡುತ್ತೇವೆ ಅಂತ ಹೇಳಿ, ಲಕ್ಷಾಂತರ ಜನರ ದುಡ್ಡು ಸೇರಿಸಿಕೊಂಡು, 2008ರ ಅಕ್ಟೋಬರ್‌ನಲ್ಲಿ ಮುಳುಗಿತು. ಆ ಎರಡು ದೇಶಗಳ ಸರ್ಕಾರಗಳು ತಮ್ಮ ಜನರಿಗೆ ದುಡ್ಡು ಕೊಟ್ಟು, ಬಿಲ್ಲನ್ನು ಐಸ್‌ಲ್ಯಾಂಡ್ ಮುಂದೆ ಇಟ್ಟವು. ಸುಮಾರು 380 ಕೋಟಿ ಯೂರೋ. ಕೂಸು ಮುದುಕರು ಅನ್ನದೆ ಹಂಚಿದರೆ ತಲೆಗೆ 12 ಸಾವಿರ ಯೂರೋ ಆಸುಪಾಸು, ಮೇಲೆ ನೂರಕ್ಕೆ 5.55ರ ಬಡ್ಡಿ. ಖಾಸಗಿ ಬ್ಯಾಂಕಿನ ಸಾಲಕ್ಕೆ ಮೀನು ಹಿಡಿಯುವವರು, ಶಾಲೆ ಮೇಷ್ಟ್ರು ಯಾಕೆ ತೆರಬೇಕು ಅಂತ ಜನ ಕೇಳಿದರು. ಕೇಳಬೇಕಾದ್ದೇ.

2009ರ ಡಿಸೆಂಬರ್ 30ರಂದು ಆಲ್ಥಿಂಗ್ 33ಕ್ಕೆ 30 ಮತಗಳಿಂದ ಸಾಲಕ್ಕೆ ಸರ್ಕಾರದ ಖಾತರಿ ಕೊಡುವ ಮಸೂದೆ ಪಾಸು ಮಾಡಿತು. 56 ಸಾವಿರ ಜನ ಅಂಕಿತ ಹಾಕಬೇಡಿ ಅಂತ ಸಹಿ ಮಾಡಿದರು. ಅಂದರೆ ಮತದಾರರಲ್ಲಿ ನಾಲ್ಕರಲ್ಲಿ ಒಬ್ಬರು. ಜನವರಿ ಚಳಿಯಲ್ಲಿ ಅಧ್ಯಕ್ಷರ ನಿವಾಸ ಬೆಸ್ಸಾಸ್ಟಾಡಿರ್ ಮುಂದೆ ಜನ ಕೆಂಪು ಬೆಳಕಿನ ಕಡ್ಡಿ ಹಚ್ಚಿಕೊಂಡು ನಿಂತಿದ್ದರು. ದೋಣಿ ಅಪಾಯದಲ್ಲಿ ಸಿಕ್ಕಾಗ ಸಹಾಯ ಕೇಳಲು ಹಚ್ಚುತ್ತಾರಲ್ಲ, ಆ ಕಡ್ಡಿ. 2010ರ ಜನವರಿ 5ಕ್ಕೆ ಗ್ರಿಮ್ಸನ್ ಅಂಕಿತ ನಿರಾಕರಿಸಿದರು.

ಆಗ ಗೊತ್ತಾದ ಒಂದು ವಿಷಯ: ಇಂಥ ಮತದಾನವನ್ನು ಹೇಗೆ ನಡೆಸಬೇಕು ಅಂತ ದೇಶದಲ್ಲಿ ಕಾನೂನೇ ಇರಲಿಲ್ಲ. 66 ವರ್ಷದಿಂದ ಸಂವಿಧಾನದಲ್ಲಿ ಹಕ್ಕಿದೆ, ನಡೆಸುವ ನಿಯಮ ಇಲ್ಲ! ಆ ಒಂದು ಮತದಾನಕ್ಕೆ ಗಡಿಬಿಡಿಯಲ್ಲಿ ಪ್ರತ್ಯೇಕ ಕಾನೂನು ಮಾಡಿದರು. ಆಮೇಲೆ ಅದೇ ವರ್ಷ ಸಾಮಾನ್ಯ ಜನಮತಗಣನೆ ಕಾನೂನು ಬಂತು, 2010ರ 91ನೇ ಕಾನೂನು. ಆದರೂ ಒಂದು ಮಾತು ಒಪ್ಪಬೇಕು. ಅಂಕಿತ ನಿರಾಕರಿಸಿದ್ದು ಜನವರಿ 5, ಮತದಾನ ಮಾರ್ಚ್ 6. ಎರಡು ತಿಂಗಳು. ಸೇವೆ ಎಷ್ಟು ಬೇಗ ಸಿಗುತ್ತದೆ ಅಂತ ಕೇಳಿದರೆ ಈ ವಿಷಯದಲ್ಲಿ ಐದಕ್ಕೆ ಐದು ಕೊಡುತ್ತೇನೆ.

ಮತಪತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೊದಲು ಒಂದು ಉದ್ದನೆಯ ವಾಕ್ಯ. 2010ರ 1ನೇ ಕಾನೂನು 2009ರ 96ನೇ ಕಾನೂನನ್ನು ತಿದ್ದುತ್ತದೆ, ಆ ಕಾನೂನು ಹಣಕಾಸು ಮಂತ್ರಿಗೆ ಖಜಾನೆಯ ಪರವಾಗಿ ಖಾತರಿ ಕೊಡಲು ಅಧಿಕಾರ ಕೊಡುತ್ತದೆ, ಖಾತರಿ ಯಾವ ಸಾಲಕ್ಕೆ, ಸಾಲ ಯಾರು ಕೊಟ್ಟಿದ್ದು, ಯಾವ ಬ್ಯಾಂಕಿನ ಠೇವಣಿದಾರರಿಗೆ, ಹೀಗೆ. ಅದರ ಕೆಳಗೆ ಆಲ್ಥಿಂಗ್ ಪಾಸು ಮಾಡಿತು, ಅಧ್ಯಕ್ಷರು ಅಂಕಿತ ಹಾಕಲಿಲ್ಲ ಅನ್ನುವ ಮಾಹಿತಿ. ಆಮೇಲೆ ಪ್ರಶ್ನೆ: ಈ ಕಾನೂನು ಜಾರಿಯಲ್ಲಿ ಉಳಿಯಬೇಕೇ? ಉತ್ತರದ ಜಾಗದಲ್ಲಿ ಬರೀ ಹೌದು, ಇಲ್ಲ ಅಂತ ಬಿಟ್ಟಿರಲಿಲ್ಲ. 'ಹೌದು, ಉಳಿಯಬೇಕು', 'ಇಲ್ಲ, ರದ್ದಾಗಬೇಕು' ಅಂತ ಬಿಡಿಸಿ ಬರೆದಿದ್ದರು. ಇದು ಚಿಕ್ಕ ವಿಷಯ ಅನಿಸಬಹುದು, ನನಗೆ ಹಾಗನಿಸುವುದಿಲ್ಲ. ಕಾನೂನು ಬೇಡ ಅನ್ನುವವರು ಹೌದು ಒತ್ತಬೇಕಾ, ಇಲ್ಲ ಒತ್ತಬೇಕಾ ಅಂತ ಮತಗಟ್ಟೆಯ ಒಳಗೆ ನಿಂತು ತಲೆ ಕೆಡಿಸಿಕೊಳ್ಳುವ ಹಾಗೆ ಪ್ರಶ್ನೆ ಬರೆಯುವುದು ಬಹಳ ಸುಲಭ. ಇಲ್ಲಿ ಹಾಗೆ ಮಾಡಲಿಲ್ಲ. ಮೊದಲಿನ ವಾಕ್ಯ ಮಾತ್ರ ಇನ್ನೂ ಸರಳವಾಗಿ ಇರಬಹುದಿತ್ತು.

ಫಲಿತಾಂಶ: ಬಿದ್ದ ಮತಗಳಲ್ಲಿ ನೂರಕ್ಕೆ 93 'ರದ್ದಾಗಬೇಕು'. 'ಉಳಿಯಬೇಕು' ಅಂದವರು ನೂರಕ್ಕೆ ಇಬ್ಬರೂ ಇಲ್ಲ. ಅಷ್ಟು ಹೊತ್ತಿಗಾಗಲೇ ಬ್ರಿಟನ್ ಮತ್ತು ನೆದರ್ಲೆಂಡ್ಸ್ ಇನ್ನೂ ಒಳ್ಳೆಯ ಷರತ್ತುಗಳನ್ನು ಮುಂದಿಟ್ಟಿದ್ದವು. ಹಾಗಾಗಿ ಈ ಮತದಾನಕ್ಕೆ ಅರ್ಥವಿಲ್ಲ ಅಂತ ಪ್ರಧಾನಿ ಯೊಹಾನ್ನಾ ಸಿಗುರ್ದರ್‌ದೊತ್ತಿರ್ ಮತ ಹಾಕಲೇ ಇಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಷರತ್ತು ಒಳ್ಳೆಯದಾಗಿದ್ದೇ ಮತದಾನ ಬರುತ್ತಿದೆ ಅನ್ನುವ ಕಾರಣಕ್ಕೆ. ಮುಂದಿನ ಒಪ್ಪಂದದಲ್ಲಿ ಬಡ್ಡಿ ಸುಮಾರು 3ಕ್ಕೆ ಇಳಿಯಿತು. ಅದನ್ನು ಆಲ್ಥಿಂಗ್ 44ಕ್ಕೆ 16ರಿಂದ ಪಾಸು ಮಾಡಿತು. 2011ರ ಫೆಬ್ರವರಿ 20ರಂದು ಅಧ್ಯಕ್ಷರು ಮತ್ತೆ ನಿರಾಕರಿಸಿದರು, ಏಪ್ರಿಲ್ 9ರಂದು ಜನ ಮತ್ತೆ ಬೇಡ ಅಂದರು. ಈ ಸಲ ನೂರಕ್ಕೆ 60ರಷ್ಟು. ನಾಲ್ಕರಲ್ಲಿ ಮೂವರು ಮತದಾರರು ಬಂದಿದ್ದರು. ಸಂಸತ್ತಿನಲ್ಲಿ ಅಷ್ಟು ದೊಡ್ಡ ಬಹುಮತ ಇದ್ದ ಕಾನೂನನ್ನು ಜನ ತೆಗೆದುಹಾಕಿದರು, ಸರ್ಕಾರ ತಲೆಬಾಗಿತು. 2013ರ ಜನವರಿ 28ರಂದು ಎಫ್ಟಾ (ಐಸ್‌ಲ್ಯಾಂಡ್, ನಾರ್ವೆಯಂಥ ದೇಶಗಳ ವ್ಯಾಪಾರ ಒಕ್ಕೂಟ) ನ್ಯಾಯಾಲಯ ಐಸ್‌ಲ್ಯಾಂಡ್ ಪರವಾಗಿಯೇ ತೀರ್ಪು ಕೊಟ್ಟಿತು. ಮುಳುಗಿದ ಬ್ಯಾಂಕಿನ ಆಸ್ತಿ ಮಾರಿದ ದುಡ್ಡಿನಿಂದಲೇ ಸಾಲ ತೀರಿತು.

ಇಲ್ಲಿಯವರೆಗೆ ಓದಿದರೆ ಐದು ಸ್ಟಾರ್ ಕೊಡಬೇಕು ಅನಿಸುತ್ತದೆ. ನಾನು ಮೂರಕ್ಕೆ ಇಳಿಸಿದ್ದು ಯಾಕೆ ಅಂತ ಈಗ ಹೇಳುತ್ತೇನೆ.

ಮೇಲೆ ಹೇಳಿದ ಕಥೆಯಲ್ಲಿ 56 ಸಾವಿರ ಸಹಿಗಳಿಗೆ ಕಾನೂನಿನ ಬಲ ಎಷ್ಟಿತ್ತು? ಸೊನ್ನೆ. 26ನೇ ವಿಧಿಯಲ್ಲಿ ಸಹಿ ಅನ್ನುವ ಮಾತೇ ಇಲ್ಲ. ಎಷ್ಟು ಜನ ಕೇಳಿದರೆ ಮತದಾನ ಅಂತ ಎಲ್ಲೂ ಬರೆದಿಲ್ಲ. ತೀರ್ಮಾನ ಅಧ್ಯಕ್ಷರೊಬ್ಬರದು. ಕೇಳುವವರು ನಾವು, ಕೊಡುವುದೋ ಬಿಡುವುದೋ ಅವರ ಇಷ್ಟ.

ಲೆಕ್ಕ ನೋಡಿ. 1993ರ ಜನವರಿಯಲ್ಲಿ ಯುರೋಪಿಯನ್ ಆರ್ಥಿಕ ವಲಯಕ್ಕೆ ಸೇರುವ ಮಸೂದೆಯನ್ನು ಜನರ ಮುಂದಿಡಿ ಅಂತ 34 ಸಾವಿರಕ್ಕೂ ಜಾಸ್ತಿ ಜನ ಸಹಿ ಮಾಡಿ ಕೇಳಿದರು. ಆಗಿನ ಮತದಾರರ ಲೆಕ್ಕದಲ್ಲಿ ಐದರಲ್ಲಿ ಒಬ್ಬರ ಹತ್ತಿರ ಹತ್ತಿರ. ಅಧ್ಯಕ್ಷೆ ವಿಗ್ದಿಸ್ ಫಿನ್‌ಬೋಗಾದೊತ್ತಿರ್ ಅಂಕಿತ ಹಾಕಿದರು, ಮತದಾನ ಇಲ್ಲ. 2004ರಲ್ಲಿ ಸಹಿ ಮಾಡಿದವರು ಅದಕ್ಕಿಂತ ಕಡಿಮೆ, ಸುಮಾರು 31 ಸಾವಿರ, ಆದರೂ ಅಧ್ಯಕ್ಷರು ನಿರಾಕರಿಸಿದರು. 2013ರಲ್ಲಿ ಮೀನುಗಾರಿಕೆ ಕಂಪನಿಗಳು ಕಟ್ಟುವ ಶುಲ್ಕ ಇಳಿಸುವ ಕಾನೂನು ಬಂತು. ದೇಶದ ಸಮುದ್ರ, ದೇಶದ ಮೀನು, ಶುಲ್ಕ ಯಾಕೆ ಇಳಿಸುತ್ತೀರಿ ಅಂತ ಸುಮಾರು 35 ಸಾವಿರ ಜನ ಸಹಿ ಮಾಡಿದರು. ಐಸ್‌ಸೇವ್ ಮಸೂದೆಗಳನ್ನು ಎರಡು ಸಲ ತಡೆದ ಅದೇ ಗ್ರಿಮ್ಸನ್ ಈ ಸಲ ಅಂಕಿತ ಹಾಕಿಬಿಟ್ಟರು. ತೆರಿಗೆ, ಶುಲ್ಕದ ವಿಷಯ ಜನಮತಗಣನೆಗೆ ಹೊಂದುವುದಿಲ್ಲ ಅನ್ನುವುದು ಅವರ ಕಾರಣ. ಕಾರಣ ಸರಿ ಇರಬಹುದು, ತಪ್ಪಿರಬಹುದು. ಆದರೆ ಅದು ಯಾವ ಕಾನೂನಿನಲ್ಲೂ ಬರೆದಿಟ್ಟ ನಿಯಮ ಅಲ್ಲ, ಒಬ್ಬ ವ್ಯಕ್ತಿಯ ವಿವೇಚನೆ. ಮುಂದಿನ ಅಧ್ಯಕ್ಷರ ವಿವೇಚನೆ ಬೇರೆ ಇರಬಹುದು.

ನಮ್ಮ ಬಸ್ಸುಗಳಲ್ಲಿ ಗಂಟೆಯ ಹಗ್ಗ ಇರುತ್ತಿತ್ತಲ್ಲ, ಬಸ್ಸಿನ ಉದ್ದಕ್ಕೂ ಎಲ್ಲರ ತಲೆ ಮೇಲೇ ಹಾದು ಹೋಗಿರುತ್ತದೆ, ಆದರೆ ಎಳೆಯುವ ಅಧಿಕಾರ ಕಂಡಕ್ಟರ್‌ಗೆ ಮಾತ್ರ. ಒಳ್ಳೆಯ ಕಂಡಕ್ಟರ್ ಸಿಕ್ಕರೆ ಕೂಗಿದ ಕೂಡಲೇ ಎಳೆಯುತ್ತಾರೆ. ಇಲ್ಲದಿದ್ದರೆ ನಮ್ಮ ಸ್ಟಾಪ್ ಹೋಯಿತು. 26ನೇ ವಿಧಿ ಹಾಗಿದೆ.

ಇದನ್ನು ಸರಿ ಮಾಡುವ ಅವಕಾಶ ಬಂದಿತ್ತು. ಈ ದೇಶದ ಮೇಲೆ ನನಗೆ ಬೇಜಾರಿರುವುದು ಇದೊಂದೇ ವಿಷಯಕ್ಕೆ. 2008ರ ಬ್ಯಾಂಕ್ ಕುಸಿತದ ನಂತರ ಹೊಸ ಸಂವಿಧಾನ ಬರೆಯೋಣ ಅಂತ ಹೊರಟರು. 2010ರ ನವೆಂಬರ್‌ನಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ 950 ಜನರನ್ನು ಒಂದು ದಿನ ಕೂರಿಸಿ ಏನೇನು ಬೇಕು ಅಂತ ಕೇಳಿದರು. ಆಮೇಲೆ 25 ಜನರ ಸಭೆಗೆ ಚುನಾವಣೆ ಆಯಿತು, 522 ಮಂದಿ ನಿಂತಿದ್ದರು. ಮತದಾನ ನಡೆಸಿದ ರೀತಿ ಸರಿಯಿಲ್ಲ ಅಂತ ಸುಪ್ರೀಂ ಕೋರ್ಟ್ ಆ ಚುನಾವಣೆಯನ್ನೇ ರದ್ದು ಮಾಡಿತು. ಆಲ್ಥಿಂಗ್ ಗೆದ್ದವರನ್ನೇ ಪರಿಷತ್ತು ಅಂತ ನೇಮಿಸಿತು. ಅವರು 2011ರ ಬೇಸಿಗೆಯಲ್ಲಿ ಕರಡನ್ನು ತುಂಡು ತುಂಡಾಗಿ ಇಂಟರ್ನೆಟ್‌ನಲ್ಲಿ ಹಾಕುತ್ತಾ, ಜನರ ಅಭಿಪ್ರಾಯ ತೆಗೆದುಕೊಳ್ಳುತ್ತಾ, ಜುಲೈ ಕೊನೆಗೆ 114 ವಿಧಿಗಳ ಕರಡು ಮುಗಿಸಿ ಕೊಟ್ಟರು.

ಆ ಕರಡಿನ 65ನೇ ವಿಧಿ ನೋಡಿ: ಕಾನೂನು ಪಾಸಾದ ಮೂರು ತಿಂಗಳೊಳಗೆ ನೂರಕ್ಕೆ 10 ಮತದಾರರು ಸಹಿ ಮಾಡಿ ಕೇಳಿದರೆ ಜನಮತಗಣನೆ ಆಗಲೇಬೇಕು. 66ನೇ ವಿಧಿ: ನೂರಕ್ಕೆ 2 ಮತದಾರರು ಸೇರಿದರೆ ಆಲ್ಥಿಂಗ್ ಮುಂದೆ ಒಂದು ವಿಷಯ ಇಡಬಹುದು, ನೂರಕ್ಕೆ 10 ಮತದಾರರು ಸೇರಿದರೆ ಮಸೂದೆಯನ್ನೇ ಇಡಬಹುದು. ಯಾರ ಅಪ್ಪಣೆಯೂ ಬೇಡ. ಅಂದಿನ ಲೆಕ್ಕದಲ್ಲಿ 10 ಅಂದರೆ ಸುಮಾರು 24 ಸಾವಿರ ಸಹಿ. ನಾನು ಮೇಲೆ ಹೇಳಿದ ಒಂದೊಂದು ಅರ್ಜಿಯೂ ಆ ಗೆರೆ ದಾಟಿತ್ತು.

ಒಂದು ವಿಷಯ ಮುಚ್ಚಿಡಬಾರದು. 67ನೇ ವಿಧಿಯಲ್ಲಿ ಕೆಲವನ್ನು ಹೊರಗಿಟ್ಟಿದ್ದಾರೆ: ಬಜೆಟ್, ತೆರಿಗೆ, ಪೌರತ್ವ ಕೊಡುವುದು, ಅಂತರರಾಷ್ಟ್ರೀಯ ಬದ್ಧತೆಗಳನ್ನು ಜಾರಿ ಮಾಡುವ ಕಾನೂನುಗಳು. ಹಾಗಾದರೆ 1993ರ ವಿಷಯ ಬರುತ್ತಿತ್ತಾ? ಐಸ್‌ಸೇವ್ ಕೂಡ ಎರಡು ದೇಶಗಳ ಜೊತೆಗಿನ ಒಪ್ಪಂದ ತಾನೇ ಅಂತ ಸರ್ಕಾರದವರು ತಕರಾರು ತೆಗೆಯಬಹುದಿತ್ತು. ನನ್ನ ಪ್ರಕಾರ ಈ ಪಟ್ಟಿ ಅಗತ್ಯಕ್ಕಿಂತ ಉದ್ದ ಇದೆ. ಜನ ಬೀದಿಗಿಳಿದು ಕೇಳುವುದು ಸಾಮಾನ್ಯವಾಗಿ ದುಡ್ಡಿನ ವಿಷಯ, ಹೊರದೇಶದ ಒಪ್ಪಂದದ ವಿಷಯವನ್ನೇ. ಅವೆರಡನ್ನೂ ಹೊರಗಿಟ್ಟರೆ ಉಳಿಯುವುದೆಷ್ಟು? ಆದರೂ, ಹೊರಗಿಟ್ಟದ್ದು ಯಾವುದು ಅಂತ ಮೊದಲೇ ಬರೆದಿರುವುದಕ್ಕೂ, ಅಧ್ಯಕ್ಷರ ಮನಸ್ಸಿನಲ್ಲಿ ಏನಿದೆ ಅಂತ ಕಾಯುವುದಕ್ಕೂ ಬಹಳ ವ್ಯತ್ಯಾಸ ಇದೆ.

2012ರ ಅಕ್ಟೋಬರ್ 20ರಂದು ಈ ಕರಡಿನ ಬಗ್ಗೆ ಸಲಹಾ ಜನಮತಗಣನೆ ನಡೆಯಿತು. ಆರು ಪ್ರಶ್ನೆ. ಇದೇ ಕರಡಿನ ಆಧಾರದಲ್ಲಿ ಹೊಸ ಸಂವಿಧಾನ ಆಗಲಿ ಅಂತ ಮೂರರಲ್ಲಿ ಎರಡು ಪಾಲು ಮತ. ನಿರ್ದಿಷ್ಟ ಪ್ರಮಾಣದ ಮತದಾರರು ಕೇಳಿದರೆ ಜನಮತಗಣನೆ ಆಗಬೇಕೇ ಅನ್ನುವ ಕೊನೆಯ ಪ್ರಶ್ನೆಗೆ ನೂರಕ್ಕೆ 73 ಮಂದಿ ಹೌದು ಅಂದರು. ಬಂದಿದ್ದವರು ಅರ್ಧದಷ್ಟು ಮತದಾರರು, ನಿಜ. ಆದರೆ ಉತ್ತರದಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಆಲ್ಥಿಂಗ್ ಏನು ಮಾಡಿತು? 2013ರ ಚುನಾವಣೆಗೆ ಮೊದಲು ಮಸೂದೆಯನ್ನು ಅಂತಿಮ ಮತಕ್ಕೆ ಹಾಕಲೇ ಇಲ್ಲ. ಇಲ್ಲಿ ಸಂವಿಧಾನ ತಿದ್ದಬೇಕಾದರೆ ಆಲ್ಥಿಂಗ್ ಒಮ್ಮೆ ಪಾಸು ಮಾಡಿ, ವಿಸರ್ಜನೆಯಾಗಿ, ಚುನಾವಣೆ ನಡೆದು, ಹೊಸ ಆಲ್ಥಿಂಗ್ ಅದನ್ನೇ ಒಂದಕ್ಷರ ಬದಲಿಸದೆ ಇನ್ನೊಮ್ಮೆ ಪಾಸು ಮಾಡಬೇಕು. ಮೊದಲ ಮೆಟ್ಟಿಲೇ ಹತ್ತಲಿಲ್ಲ. ಸಂವಿಧಾನ ಬದಲಾವಣೆಯ ಕೀಲಿ ಸಂಸತ್ತಿನಲ್ಲೇ ಇದ್ದರೆ, ಸಂಸತ್ತಿನ ಅಧಿಕಾರ ಕಡಿಮೆ ಮಾಡುವ ತಿದ್ದುಪಡಿಗೆ ಅದು ಯಾಕೆ ಆತುರ ಪಡುತ್ತದೆ ಹೇಳಿ.

ಜನ ಮರೆತಿಲ್ಲ. 2020ರಲ್ಲಿ ರೇಕ್ಯಾವಿಕ್‌ನ ಸರ್ಕಾರಿ ಕಚೇರಿಗಳ ಹತ್ತಿರದ ಗೋಡೆ ಮೇಲೆ 'ಹೊಸ ಸಂವಿಧಾನ ಎಲ್ಲಿ?' ಅಂತ ದೊಡ್ಡ ಅಕ್ಷರಗಳಲ್ಲಿ ಬರೆದರು. ಅದನ್ನು ನೀರು ಹೊಡೆದು ತೊಳೆದುಹಾಕಿದರು. ಗಲಾಟೆಯಾಗಿ, ಅಲ್ಲೇ ಹತ್ತಿರದಲ್ಲಿ ಮತ್ತೆ ಬರೆದರು, ಈ ಸಲ ಇನ್ನೂ ದೊಡ್ಡದಾಗಿ. ಆ ಶರತ್ಕಾಲದಲ್ಲಿ 43 ಸಾವಿರಕ್ಕೂ ಜಾಸ್ತಿ ಸಹಿಗಳು ಆಲ್ಥಿಂಗ್‌ಗೆ ಹೋದವು. ಏನೂ ಆಗಲಿಲ್ಲ. ಸಹಿ ಮಾಡುವುದು ಈಗ ಬಹಳ ಸುಲಭ, ಸರ್ಕಾರದ್ದೇ ಪೋರ್ಟಲ್‌ನಲ್ಲಿ ಎಲೆಕ್ಟ್ರಾನಿಕ್ ಗುರುತಿನಿಂದ ಒಳಗೆ ಹೋಗಿ ಯಾರು ಬೇಕಾದರೂ ಸಹಿ ಸಂಗ್ರಹ ಶುರು ಮಾಡಬಹುದು. ತಂತ್ರಜ್ಞಾನ ತಯಾರಿದೆ. ಆ ಸಹಿಗಳಿಗೆ ಬಲ ಕೊಡುವ ಒಂದು ಸಾಲು ಕಾನೂನಿನಲ್ಲಿ ಇಲ್ಲ.

ಇನ್ನು ಊರಿನ ಮಟ್ಟ. ಇಲ್ಲಿ ಕಾನೂನು ಜನರ ಕಡೆಗೆ ಸ್ವಲ್ಪ ಜಾಸ್ತಿ ವಾಲಿದೆ. 2011ರ ಸ್ಥಳೀಯ ಆಡಳಿತ ಕಾನೂನಿನ ಪ್ರಕಾರ ಊರಿನ ನೂರಕ್ಕೆ 10 ಮತದಾರರು ಕೇಳಿದರೆ ನಿವಾಸಿಗಳ ಸಭೆ ಕರೆಯಬೇಕು, ನೂರಕ್ಕೆ 20 ಮತದಾರರು ಕೇಳಿದರೆ ಮತದಾನ ನಡೆಸಬೇಕು. ಯಾರ ಮರ್ಜಿಯೂ ಬೇಡ, ಲೆಕ್ಕ ತುಂಬಿದರೆ ಸಾಕು. ಆದರೆ ಊರಿನ ಕೌನ್ಸಿಲ್ ಬೇಕಾದರೆ ಆ 20ನ್ನು ಮೂರನೇ ಒಂದು ಪಾಲಿನವರೆಗೆ ಏರಿಸಬಹುದು. ಮೂರರಲ್ಲಿ ಒಬ್ಬರ ಸಹಿ ಅಂದರೆ ಆಗದ ಕೆಲಸ. ಮತದಾನದ ಫಲಿತಾಂಶವೂ ಸಲಹೆ ಮಾತ್ರ, ಇದಕ್ಕೆ ಬದ್ಧರಾಗಿರುತ್ತೇವೆ ಅಂತ ಕೌನ್ಸಿಲ್ ಮೊದಲೇ ತೀರ್ಮಾನ ಮಾಡಿದ್ದರೆ ಬೇರೆ.

ಸಲಹೆ ಮಾತ್ರ ಅಂದರೆ ಏನಾಗುತ್ತದೆ ಅಂತ ರೇಕ್ಯಾವಿಕ್‌ನಲ್ಲಿ ಇರುವ ಎಲ್ಲರಿಗೂ ದಿನಾ ಕಿವಿಗೆ ಬೀಳುತ್ತದೆ. ನಗರದ ನಡುವೆಯೇ ದೇಶದೊಳಗಿನ ವಿಮಾನಗಳ ನಿಲ್ದಾಣ ಇದೆ. ಅದು ಅಲ್ಲಿರಬೇಕಾ ಬೇಡವಾ ಅಂತ 2001ರ ಮಾರ್ಚ್ 17ರಂದು ನಗರದ ಜನರನ್ನು ಕೇಳಿದರು. ನಾಲ್ಕರಲ್ಲಿ ಮೂವರು ಬಂದು ಮತ ಹಾಕಿದರೆ, ಅಥವಾ ಒಟ್ಟು ಮತದಾರರಲ್ಲಿ ಅರ್ಧದಷ್ಟು ಜನ ಒಂದೇ ಕಡೆ ಹೇಳಿದರೆ ಮಾತ್ರ ಫಲಿತಾಂಶಕ್ಕೆ ಬದ್ಧ ಅಂತ ಷರತ್ತಿತ್ತು. ಬಂದವರು ನೂರಕ್ಕೆ 37. ಹೋಗಲಿ ಅಂದವರು 49.3, ಇರಲಿ ಅಂದವರು 48.1. ಒಂದೂಚಿಲ್ಲರೆ ವ್ಯತ್ಯಾಸ. ಆಮೇಲೆ 2013ರಲ್ಲಿ ನಿಲ್ದಾಣ ಉಳಿಸಿ ಅಂತ ದೇಶದೆಲ್ಲೆಡೆಯಿಂದ 70 ಸಾವಿರದ ಹತ್ತಿರ ಸಹಿ ಬಂತು. ಇದರಲ್ಲಿ ನ್ಯಾಯ ಇದೆ, ಯಾಕೆಂದರೆ ಉತ್ತರ, ಪೂರ್ವದ ದೂರದ ಊರುಗಳಿಂದ ರೋಗಿಗಳನ್ನು ಹೊತ್ತ ಆಂಬ್ಯುಲೆನ್ಸ್ ವಿಮಾನ ಇಳಿಯುವುದು ಇಲ್ಲೇ, ದೊಡ್ಡ ಆಸ್ಪತ್ರೆ ಪಕ್ಕದಲ್ಲೇ ಇದೆ. ಅವರಿಗೆ 2001ರಲ್ಲಿ ಮತ ಇರಲಿಲ್ಲ. ನಿಲ್ದಾಣ ಇವತ್ತಿಗೂ ಅಲ್ಲೇ ಇದೆ. ಯಾರನ್ನು ಕೇಳಬೇಕು ಅನ್ನುವುದನ್ನು ಸರಿಯಾಗಿ ಯೋಚಿಸದೆ, ಫಲಿತಾಂಶಕ್ಕೆ ಬೆಲೆಯನ್ನೂ ಕೊಡದೆ ನಡೆಸಿದ ಮತದಾನಕ್ಕೆ ನಾನು ಒಂದು ಸ್ಟಾರ್ ಕೂಡ ಕೊಡುವುದಿಲ್ಲ.

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಮತದಾನ ಇದೆ. ಎರಡು ಊರುಗಳ ಆಡಳಿತ ಒಂದಾಗಬೇಕಾದರೆ ಎರಡೂ ಕಡೆಯ ನಿವಾಸಿಗಳು ಮತ ಹಾಕಿ ಒಪ್ಪಬೇಕು. 1990ರಲ್ಲಿ 204 ಸ್ಥಳೀಯ ಆಡಳಿತಗಳಿದ್ದವು, ಈಗ 60ರ ಆಸುಪಾಸು. ಮೀನುಗಾರರ ಪುಟ್ಟ ಹಳ್ಳಿಗಳಲ್ಲೂ ಇಂಥ ಮತದಾನ ನಡೆದಿದೆ, ಕೆಲವು ಊರಿನವರು ಬೇಡ ಅಂದಿದ್ದಾರೆ, ಅವರ ಮಾತು ನಡೆದಿದೆ. ಇದಕ್ಕೆ ಯಾರೂ ಕೆಂಪು ಬೆಳಕು ಹಚ್ಚಿ ನಿಲ್ಲಬೇಕಾಗಿ ಬರಲಿಲ್ಲ. ನೇರ ಪ್ರಜಾಪ್ರಭುತ್ವ ಹೀಗೇ ಇರಬೇಕು ಅಂತ ನನ್ನ ಆಸೆ. ಮಾಮೂಲಿ ಕೆಲಸದ ಹಾಗೆ.

ಕೊನೆಗೆ ಬಡಾವಣೆ ಮಟ್ಟ, ನಾನು ಸ್ವತಃ ಬಳಸುವಂಥದ್ದು. 'ಬೆತ್ರಿ ರೇಕ್ಯಾವಿಕ್' ಅಂತ ಒಂದು ಆನ್‌ಲೈನ್ ವೇದಿಕೆ 2010ರಲ್ಲಿ ನಗರದ ಚುನಾವಣೆ ಹೊತ್ತಿಗೆ ಶುರುವಾಯಿತು. ನಗರವನ್ನು ಸುಧಾರಿಸಲು ಯಾರು ಬೇಕಾದರೂ ಐಡಿಯಾ ಹಾಕಬಹುದು, ಇನ್ನೊಬ್ಬರ ಐಡಿಯಾಕ್ಕೆ ಪರ ಅಥವಾ ವಿರೋಧ ಬರೆಯಬಹುದು. ಇದರಲ್ಲಿ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಪರ ವಾದಗಳಿಗೆ ಒಂದು ಕಡೆ, ವಿರೋಧಕ್ಕೆ ಇನ್ನೊಂದು ಕಡೆ ಜಾಗ. ಒಬ್ಬರ ಮಾತಿನ ಕೆಳಗೆ ನೇರವಾಗಿ ಉತ್ತರ ಕೊಟ್ಟು ಜಗಳ ಬೆಳೆಸಲು ಆಗುವುದಿಲ್ಲ. ಒಪ್ಪಿಗೆ ಇಲ್ಲವೇ, ನಿಮ್ಮ ವಾದವನ್ನು ಎದುರಿನ ಕಡೆ ಬರೆಯಿರಿ, ಅಷ್ಟೇ.

ಇದರ ಜೊತೆಗೇ ಬಡಾವಣೆಗಳಿಗೆ ಅಂತ ಎತ್ತಿಟ್ಟ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಮತ ಹಾಕಿಸುತ್ತಾರೆ. 2021ರ ಸುತ್ತಿನಲ್ಲಿ 85 ಕೋಟಿ ಕ್ರೋನಾ ಇತ್ತು, ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 50 ಕೋಟಿ ರೂಪಾಯಿ. ಬೆಂಚು, ದಾರಿ ದೀಪ, ಮರ, ಮಕ್ಕಳ ಆಟದ ಸಾಮಾನು, ಹೀಗೆ. ಫೋನ್ ನಂಬರ್ ಹಾಕಿದರೆ ಮೊಬೈಲಿನ ಪರದೆ ಮೇಲೆ ಪಿನ್ ಕೇಳುತ್ತದೆ, ಒತ್ತಿದರೆ ಒಳಗೆ. ಬಡಾವಣೆ ಆರಿಸಿದರೆ ಒಂದೊಂದು ಕೆಲಸದ ಮುಂದೆಯೂ ಎಷ್ಟು ಖರ್ಚು ಅಂತ ಬರೆದಿರುತ್ತದೆ. ಒಂದನ್ನು ಸೇರಿಸಿದ ಕೂಡಲೇ ಉಳಿದ ದುಡ್ಡು ಕಣ್ಣೆದುರೇ ಕಡಿಮೆಯಾಗುತ್ತದೆ. ಆಟದ ಮೈದಾನಕ್ಕೆ ದೀಪ ಬೇಕು ಅಂದರೆ ಕಾಲುದಾರಿ ಬಿಡಬೇಕು. ಎಲ್ಲವೂ ಬೇಕು ಅನ್ನಲು ಆಗುವುದಿಲ್ಲ. ತುಂಬಾ ಇಷ್ಟವಾದ ಒಂದಕ್ಕೆ ನಕ್ಷತ್ರ ಹಾಕಿದರೆ ಎರಡು ಮತದ ಬೆಲೆ. ಗೆದ್ದದ್ದನ್ನು ನಗರದವರು ಕಟ್ಟುತ್ತಾರೆ, ಮುಂದೆ ನಡೆದು ಹೋಗುವಾಗ ನಾವೇ ನೋಡಬಹುದು.

ಕೊರತೆ ಇಲ್ಲವೇ? ಇದೆ. ಮತ ಹಾಕುವವರು ನೂರಕ್ಕೆ 20 ಕೂಡ ಮುಟ್ಟುವುದಿಲ್ಲ. ಬಂದ ಐಡಿಯಾಗಳನ್ನು ಮೊದಲು ಅಧಿಕಾರಿಗಳು ಸೋಸುತ್ತಾರೆ, ಖಾಸಗಿ ಜಾಗದ್ದು, ಖರ್ಚು ಮೀರಿದ್ದು ಹೊರಗೆ ಹೋಗುತ್ತದೆ. ದೊಡ್ಡ ವಿಷಯಗಳಾದ ಮನೆ ಬಾಡಿಗೆ, ಬಸ್ಸು, ಜಮೀನು ಯಾರಿಗೆ ಕೊಡಬೇಕು ಅನ್ನುವುದು ಇಲ್ಲಿಗೆ ಬರುವುದೇ ಇಲ್ಲ. ಬೆಂಚಿನ ವಿಷಯದಲ್ಲಿ ನನ್ನ ಮಾತಿಗೆ ಬಲ ಇದೆ, ಸಂವಿಧಾನದ ವಿಷಯದಲ್ಲಿ ಇಲ್ಲಿನ ನಾಗರಿಕರ ಮಾತಿಗೇ ಬಲ ಇಲ್ಲ. ಮೂರು ಸ್ಟಾರ್‌ನ ಲೆಕ್ಕ ಇದೇ.

ಇಲ್ಲಿಗೆ ಬರುವ ನಮ್ಮವರಿಗೆ ಒಂದಿಷ್ಟು ಉಪಯೋಗದ ಮಾತು. ದೇಶದ ಜನಮತಗಣನೆಗೆ ಪೌರತ್ವ ಬೇಕೇ ಬೇಕು. ಆದರೆ 2022ರ ಸ್ಥಳೀಯ ಚುನಾವಣೆಯಿಂದ ನಿಯಮ ಬದಲಾಗಿದೆ, ಸತತ ಮೂರು ವರ್ಷ ಕಾನೂನು ಪ್ರಕಾರ ಇಲ್ಲಿದ್ದರೆ ಊರಿನ ಮತದಾರರಾಗುತ್ತೀರಿ, ಆ ನೂರಕ್ಕೆ 20ರ ಲೆಕ್ಕದಲ್ಲಿ ನಿಮ್ಮ ಸಹಿಯೂ ಸೇರುತ್ತದೆ. ಇದು ಗೊತ್ತಿಲ್ಲದ ಭಾರತೀಯರು ಇಲ್ಲಿ ಬಹಳ ಮಂದಿ ಸಿಗುತ್ತಾರೆ, ದಯವಿಟ್ಟು ತಿಳಿಸಿ. ಬಡಾವಣೆ ಮತದಾನಕ್ಕೆ ಮೂರು ವರ್ಷವೂ ಬೇಡ, ರೇಕ್ಯಾವಿಕ್ ನಿವಾಸಿ ಆಗಿದ್ದರೆ ಸಾಕು. 15 ತುಂಬಿದ ಮಕ್ಕಳೂ ಹಾಕಬಹುದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿಸಿ. ಮನೆ ಬದಲಿಸಿದರೆ ರಾಷ್ಟ್ರೀಯ ನೋಂದಣಿಯಲ್ಲಿ ವಿಳಾಸವನ್ನು ಕೂಡಲೇ ಬದಲಿಸಿಕೊಳ್ಳಿ, ಮತದಾರರ ಪಟ್ಟಿ ತಯಾರಾಗುವುದು ಅದರ ಮೇಲೆಯೇ. ಮತಗಟ್ಟೆಗೆ ಹೋಗುವಾಗ ಫೋಟೋ ಇರುವ ಗುರುತಿನ ಚೀಟಿ ಜೇಬಲ್ಲಿರಲಿ.